ಓವನ್ ಇಲ್ಲ, ಮೊಟ್ಟೆ ಇಲ್ಲ, ಹನ್ನೆರಡು ಮಕ್ಕಳಿದ್ದಾರೆ: ದೆವ್ವದ ಸಿಹಿ ಏನು ಮಾಡಿಸಲಿ?

ಆರನೇ ಮಹಡಿ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಬನಶಂಕರಿ ಮೂರನೇ ಹಂತದ ಒಂದು ಅಪಾರ್ಟ್‌ಮೆಂಟಿನಲ್ಲಿ. ಅಕ್ಟೋಬರ್ 31ರ ಸಂಜೆ ಇಲ್ಲಿನ ಮಕ್ಕಳೆಲ್ಲ ಸೇರಿ ಹ್ಯಾಲೋವೀನ್ ಮಾಡುತ್ತಾರಂತೆ. ವೇಷ, ಲೈಟು, ಆಟ ಎಲ್ಲವನ್ನೂ ಬೇರೆಯವರು ಹಂಚಿಕೊಂಡರು. ಮೀಟಿಂಗಿಗೆ ತಡವಾಗಿ ಹೋದ ನನ್ನ ತಲೆಗೆ "ಮಕ್ಕಳ ಕೈಯಲ್ಲೇ ದೆವ್ವದ ಸಿಹಿ ಮಾಡಿಸುವುದು" ಅಂತ ಕಟ್ಟಿದರು.

ಪರಿಸ್ಥಿತಿ ಹೀಗಿದೆ. ಮಕ್ಕಳಿಗೆ ಐದರಿಂದ ಹತ್ತು ವರ್ಷ. ಕ್ಲಬ್ ಹೌಸಿನಲ್ಲಿ ಓವನ್ ಇಲ್ಲ. ಒಂದು ಮೈಕ್ರೋವೇವ್, ಒಂದು ಪುಟ್ಟ ಫ್ರಿಜ್ ಇದೆ. ಅರ್ಧ ಮನೆಗಳಲ್ಲಿ ಮೊಟ್ಟೆ ತಿನ್ನುವುದಿಲ್ಲ. ಒಬ್ಬ ಹುಡುಗನಿಗೆ ಕಡಲೆಕಾಯಿ ಅಲರ್ಜಿ. ಕೊಟ್ಟಿರುವ ಸಮಯ ಒಂದು ಗಂಟೆ. ನೆಟ್‌ನಲ್ಲಿ ಹುಡುಕಿದರೆ ಫಾಂಡಂಟ್‌ನಲ್ಲಿ ಮಾಡಿದ ದೊಡ್ಡ ದೊಡ್ಡ ಕೇಕುಗಳೇ ಸಿಗುತ್ತವೆ. ಅದನ್ನೆಲ್ಲ ಐದು ವರ್ಷದ ಮಗು ಮಾಡುತ್ತದಾ? ಸುಲಭದ್ದು ಹೇಳಿ, ಪ್ಲೀಸ್.

ಮಾರಿ ಬಿಸ್ಕತ್ತು ಅಭಿಮಾನಿ:
ಮಾರಿ ಬಿಸ್ಕತ್ತು, ಬಿಳಿ ಚಾಕೊಲೇಟ್, ಜೆಮ್ಸ್. ಮುಗಿಯಿತು.

ಗಿರಿನಗರದ ಟೀಚರ್:
ಮೇಲಿನವರು ಹೇಳಿದ್ದು ಸರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಮ್ಮ ಶಾಲೆಯಲ್ಲಿ ಇವನ್ನು ಮಾಡಿಸುತ್ತೇವೆ.

ಮಾರಿ ಬಿಸ್ಕತ್ತಿನ ಮೇಲೆ ಕರಗಿದ ಚಾಕೊಲೇಟನ್ನು ತೆಳ್ಳಗೆ ಸವರಿ, ಎರಡು ಕಣ್ಣು ಅಂಟಿಸಿ. ಆಮೇಲೆ ಬಿಳಿ ಚಾಕೊಲೇಟಿನಲ್ಲಿ ಅಡ್ಡಡ್ಡ ಗೆರೆ ಎಳೆದರೆ ಬ್ಯಾಂಡೇಜ್ ಸುತ್ತಿದ ಈಜಿಪ್ಟಿನ ಹೆಣ, ಅಂದರೆ ಮಮ್ಮಿ ಆಗುತ್ತದೆ. ಗೆರೆ ಸೊಟ್ಟಗಾದಷ್ಟೂ ಒಳ್ಳೆಯದು. ಅದಕ್ಕೇ ಚಿಕ್ಕವರಿಗೆ ಇದನ್ನೇ ಕೊಡುವುದು.

ಜೇಡಕ್ಕೆ ಕ್ರೀಂ ಇರುವ ಚಾಕೊಲೇಟ್ ಬಿಸ್ಕತ್ತು ತೆಗೆದುಕೊಳ್ಳಿ. ಮೆಲ್ಲಗೆ ಬಿಡಿಸಿ, ಕ್ರೀಂ ಮೇಲೆ ಚಕ್ಕುಲಿ ಚೂರುಗಳನ್ನು ಕಾಲಿನ ಹಾಗೆ ಇಟ್ಟು ಮತ್ತೆ ಮುಚ್ಚಿ. ಎಂಟು ಕಾಲು ಇರಲಿ. ಆರು ಇಟ್ಟರೆ ನಮ್ಮ ಎರಡನೇ ಕ್ಲಾಸಿನವರು "ಮಿಸ್, ಇದು ಇರುವೆ" ಅಂತ ಜಗಳಕ್ಕೆ ಬರುತ್ತಾರೆ.

ದೊಡ್ಡ ಮಕ್ಕಳಿಗೆ ಸ್ಮಶಾನ. ಗ್ಲಾಸಿನಲ್ಲಿ ಚಾಕೊಲೇಟ್ ಪುಡ್ಡಿಂಗ್, ಮೇಲೆ ಬೋರ್ಬನ್ ಬಿಸ್ಕತ್ತಿನ ಪುಡಿ ಉದುರಿಸಿದರೆ ಮಣ್ಣು. ಪಾರ್ಲೆ-ಜಿ ನೆಟ್ಟಗೆ ಚುಚ್ಚಿದರೆ ಗೋರಿಕಲ್ಲು.

ಒಂದು ಮಾತು. ಮಕ್ಕಳನ್ನು ಒಂದೇ ದೊಡ್ಡ ಮೇಜಿನ ಸುತ್ತ ನಿಲ್ಲಿಸಬೇಡಿ. ಒಬ್ಬೊಬ್ಬರಿಗೂ ಒಂದು ಸ್ಟೀಲ್ ತಟ್ಟೆ ಕೊಡಿ, ಬಿಸ್ಕತ್ತು ಮತ್ತು ಕಣ್ಣುಗಳನ್ನು ಮೊದಲೇ ಎಣಿಸಿ ಇಡಿ. ಇಲ್ಲದಿದ್ದರೆ ಜೆಮ್ಸ್ ಪೊಟ್ಟಣಕ್ಕೆ ಕೈ ಹಾಕುವುದರಲ್ಲೇ ನಿಮ್ಮ ಒಂದು ಗಂಟೆ ಹೋಗುತ್ತದೆ.

ಆರನೇ ಮಹಡಿ ಅಮ್ಮ:
ಚಕ್ಕುಲಿ ಕಾಲು! ಇದು ನನಗೆ ಹೊಳೆಯುತ್ತಲೇ ಇರಲಿಲ್ಲ. ಗೆರೆ ಎಳೆಯುವುದಕ್ಕೆ ಕೋನ್ ಬೇಕಾ ಮೇಡಂ?

ಗಿರಿನಗರದ ಟೀಚರ್:
ಬೇಡ. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರ್ ಸಾಕು. ಮೂಲೆಯನ್ನು ಸಣ್ಣಗೆ ಕತ್ತರಿಸಿ. ಮೆಹಂದಿ ಕೋನಿನ ತೂತಿನಷ್ಟೇ ಇರಲಿ. ದೊಡ್ಡದು ಮಾಡಿದರೆ ಎಲ್ಲಾ ಒಮ್ಮೆಗೇ ಸುರಿಯುತ್ತದೆ. ಬಿಸಿ ಚಾಕೊಲೇಟ್ ಇರುವ ಕವರನ್ನು ಹಾಗೇ ಮಕ್ಕಳ ಕೈಗೆ ಕೊಡಬೇಡಿ. ಮೊದಲು ನಿಮ್ಮ ಮಣಿಕಟ್ಟಿನ ಒಳಗೆ ಮುಟ್ಟಿಸಿ ನೋಡಿ.

ಹಳೇ ಬೇಕರಿ ಕೈ:
ಬಿಳಿ ಚಾಕೊಲೇಟ್ ಬಿಳಿ ಚಾಕೊಲೇಟ್ ಅಂತ ಎಲ್ಲರೂ ಹೇಳುತ್ತಿದ್ದೀರಿ. ಯಾವುದು ಅಂತ ಯಾರೂ ಹೇಳುತ್ತಿಲ್ಲ. ಅಂಗಡಿಗೆ ಹೋಗಿ ದುಬಾರಿ ಬಾರ್ ತಂದು ಕರಗಿಸಿದರೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಕೈಗೆ ಅಂಟುತ್ತದೆ, ಮೇಲೆ ಬೂದಿ ಬಣ್ಣದ ಮಚ್ಚೆ ಏಳುತ್ತದೆ. ಯಾಕೆಂದರೆ ಅದರಲ್ಲಿರುವುದು ಕೋಕೋ ಬೆಣ್ಣೆ. ಅದನ್ನು ಹದ ಮಾಡಬೇಕು, ಅಂದರೆ ಕರಗಿಸಿ, ತಣಿಸಿ, ಮತ್ತೆ ಸ್ವಲ್ಪ ಬೆಚ್ಚಗೆ ಮಾಡಬೇಕು. ಡಾರ್ಕ್ ಚಾಕೊಲೇಟಾದರೆ 31-32 ಡಿಗ್ರಿಯಲ್ಲಿ ನಿಲ್ಲಿಸಬೇಕು. ಬಿಳಿಯದಕ್ಕೆ ಅದಕ್ಕಿಂತ ಕಡಿಮೆ. ಮಕ್ಕಳ ಮಧ್ಯೆ ಥರ್ಮಾಮೀಟರ್ ಹಿಡಿದು ನಿಲ್ಲುತ್ತೀರಾ?

ನಿಮಗೆ ಬೇಕಾಗಿರುವುದು ಕಾಂಪೌಂಡ್. ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಹಾಕಿರುತ್ತಾರೆ. ಕರಗಿಸಿ ಹಚ್ಚಿದರೆ ತಾನಾಗಿಯೇ ಗಟ್ಟಿಯಾಗುತ್ತದೆ. ಕೇಕ್ ಸಾಮಾನು ಮಾರುವ ಅಂಗಡಿಗಳಲ್ಲಿ ಅರ್ಧ ಕಿಲೋ ಹಲಗೆಯಾಗಿ ಸಿಗುತ್ತದೆ. ರುಚಿ ಒಂದು ಕೈ ಕಡಿಮೆಯೇ. ಹನ್ನೆರಡು ಮಕ್ಕಳಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

ಮೈಕ್ರೋವೇವಿನಲ್ಲಿ ಅರ್ಧ ಪವರ್ ಇಡಿ. 30 ಸೆಕೆಂಡು ಬಿಟ್ಟು ತೆಗೆದು ಕಲಕಿ, ಮತ್ತೆ 30 ಸೆಕೆಂಡು. ಬಿಳಿಯದು ಕಪ್ಪಿಗಿಂತ ಬೇಗ ಸೀಯುತ್ತದೆ. ಬಟ್ಟಲಿನಲ್ಲಿ ಒಂದು ಹನಿ ನೀರೂ ಇರಬಾರದು. ನೀರು ಬಿದ್ದರೆ ಚಾಕೊಲೇಟ್ ಗಂಟುಗಟ್ಟಿ ಹಿಟ್ಟಾಗುತ್ತದೆ. ಹಾಗಾದರೆ ಎಸೆಯಬೇಡಿ. ಬಿಸಿ ಹಾಲು ಧಾರಾಳವಾಗಿ ಹಾಕಿ ಕಲಕಿ, ಸಾಸ್ ಆಗುತ್ತದೆ. ಸ್ಮಶಾನದ ಗ್ಲಾಸಿಗೆ ಸುರಿಯಿರಿ.

ಬಣ್ಣಕ್ಕೂ ಇದೇ ನಿಯಮ. ಅಡುಗೆಮನೆಯ ನೀರಿನಂಥ ಬಣ್ಣ ಚಾಕೊಲೇಟಿಗೆ ಹಾಕಬೇಡಿ. ಎಣ್ಣೆಯಲ್ಲಿ ಕರಗುವ ಬಣ್ಣ ಅಥವಾ ಪುಡಿ ಬಣ್ಣ ಮಾತ್ರ.

ಕಡಲೆಕಾಯಿ ಹುಡುಗನ ವಿಷಯ ಮರೆಯಬೇಡಿ. ಕಾಂಪೌಂಡ್ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಬಿಸ್ಕತ್ತಿನದ್ದನ್ನೂ ಓದಿ. ಅಂಗಡಿ ಚಕ್ಕುಲಿ ಯಾವ ಎಣ್ಣೆಯಲ್ಲಿ ಕರಿದಿದ್ದಾರೆ ಅಂತಲೂ ಕೇಳಿ. ಅವನ ಅಮ್ಮನಿಗೆ ಲಿಸ್ಟ್ ಮೊದಲೇ ಕಳಿಸಿ.

ವಿಜಯನಗರ ಕನ್ನಡಿಗ:
ಒಂದು ಪ್ರಶ್ನೆ. ಮಾರನೇ ದಿನ ನವೆಂಬರ್ 1. ರಾಜ್ಯೋತ್ಸವ. ಅದಕ್ಕೆ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಏನು ತಯಾರಿ? ಒಂದು ಬಾವುಟ, ಒಂದು ಭಾಷಣ, ಒಂದು ಕೇಸರಿಬಾತ್? ಎಲ್ಲಿಯದೋ ದೆವ್ವಕ್ಕೆ ಇಷ್ಟು ಯೋಚನೆ, ನಮ್ಮದಕ್ಕೆ ಇಲ್ಲ. ಬೇಜಾರಾಗುತ್ತದೆ.

ಕೋರಮಂಗಲ ಅಪ್ಪ:
ಬಂತು ನೋಡಿ. ಇನ್ನೂ ಯಾಕೆ ಬರಲಿಲ್ಲ ಅಂದುಕೊಳ್ಳುತ್ತಿದ್ದೆ.

ವಿಜಯನಗರ ಕನ್ನಡಿಗ:
ನಗುವ ವಿಷಯ ಅಲ್ಲ ಸರ್. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂದಿತ್ತು. ಮನೆಮನೆಯಲ್ಲಿ ಎಣ್ಣೆ ಸ್ನಾನ, ದೀಪ. ನಮ್ಮ ರಸ್ತೆಯ ಒಂದಿಬ್ಬರು ಮಕ್ಕಳು ಪ್ಲಾಸ್ಟಿಕ್ ಕುಂಬಳಕಾಯಿ ಹಿಡಿದು ಬಾಗಿಲು ತಟ್ಟಿದರು. ನಾನು ಚಿರೋಟಿ ಕೊಟ್ಟೆ. "ಅಂಕಲ್, ಚಾಕೊಲೇಟ್ ಇಲ್ವಾ?" ಅಂತ ಕೇಳಿದರು.

ಕೋರಮಂಗಲ ಅಪ್ಪ:
ಚಿರೋಟಿ ಬಿಟ್ಟು ಚಾಕೊಲೇಟ್ ಕೇಳಿದ್ದು ನಿಜಕ್ಕೂ ತಪ್ಪು, ಒಪ್ಪುತ್ತೇನೆ. ಆದರೆ ಹಬ್ಬಗಳು ಊರು ಬದಲಿಸುವುದು ಹೊಸದೇನಲ್ಲ. ಈ ಕುಂಬಳಕಾಯಿ ದೀಪವೇ ನೋಡಿ. ಐರ್ಲೆಂಡಿನಲ್ಲಿ ಟರ್ನಿಪ್ ಕೊರೆದು ದೀಪ ಇಡುತ್ತಿದ್ದರು. ಅಲ್ಲಿಯವರು ಅಮೆರಿಕಕ್ಕೆ ವಲಸೆ ಹೋದ ಮೇಲೆ, ಅಲ್ಲಿ ದಂಡಿಯಾಗಿ ಸಿಗುತ್ತಿದ್ದ, ಕೊರೆಯಲು ಸುಲಭವಾದ ಕುಂಬಳಕಾಯಿ ಹಿಡಿದರು. ಹೋದ ಕಡೆ ಸಿಕ್ಕಿದ್ದರಲ್ಲಿ ಮಾಡಿಕೊಂಡರು. ನಾವೂ ಮಾಡಿಕೊಳ್ಳೋಣ. ಚಕ್ಕುಲಿ ಕಾಲಿನ ಜೇಡ ಐರ್ಲೆಂಡಿನಲ್ಲಿ ಸಿಗುತ್ತದಾ?

ಗಾಂಧಿಬಜಾರ್ ಅಜ್ಜಿಮನೆ:
ಇಬ್ಬರೂ ಸುಮ್ಮನಿರಿ. ನಮಗೆ ದೆವ್ವಕ್ಕೇನು ಬರಗಾಲವಾ? ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಇದ್ದವರು ಹೇಳಿ, ಮನೆ ಬಾಗಿಲ ಮೇಲೆ "ನಾಳೆ ಬಾ" ಬರೆದಿದ್ದು ನೆನಪಿದೆಯಾ? ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಅಂತ ಸುದ್ದಿ. ಬರೆದಿದ್ದನ್ನು ಓದಿ ವಾಪಸ್ ಹೋಗುತ್ತದೆ, ಮಾರನೇ ದಿನ ಬಂದರೆ ಮತ್ತೆ ಅದೇ. ಓದು ಬರಹ ಬಲ್ಲ, ಹೇಳಿದ ಮಾತು ಕೇಳುವ ಕನ್ನಡದ ದೆವ್ವ. ಇಂಥದ್ದು ಇನ್ನೆಲ್ಲಿದೆ?

ಪಾರ್ಲೆ-ಜಿ ನಿಲ್ಲಿಸಿ ಗೋರಿಕಲ್ಲು ಮಾಡುವ ಬದಲು ಅದನ್ನೇ ಬಾಗಿಲು ಮಾಡಿ. ಬಿಳಿ ಚಾಕೊಲೇಟಿನಲ್ಲಿ "ನಾಳೆ ಬಾ" ಬರೆಸಿ. ವಿಜಯನಗರದವರಿಗೂ ಸಮಾಧಾನ, ಮಕ್ಕಳು ಕನ್ನಡ ಬರೆದ ಹಾಗಾಯಿತು.

ವಿಜಯನಗರ ಕನ್ನಡಿಗ:
ಇದು ಪರವಾಗಿಲ್ಲ. ಇದಕ್ಕೆ ನನ್ನ ತಕರಾರಿಲ್ಲ. "ಳೆ" ಬರೆಯುವಾಗ ಒತ್ತಿ ಬರೆಯಲು ಹೇಳಿ, ಮಕ್ಕಳು "ನಾಲೆ" ಮಾಡುತ್ತಾರೆ.

ಎರಡು ಮಕ್ಕಳ ತಾಯಿ, ಯಲಹಂಕ:
ಪಾರ್ಲೆ-ಜಿ ಮೇಲೆ ಮೊದಲೇ ಅಕ್ಷರ ಇರುತ್ತದೆ ಅಲ್ವಾ? ತಿರುಗಿಸಿ ಹಿಂದಿನ ಬದಿಯಲ್ಲಿ ಬರೆಸಿ. ಜೆಲ್ ಪೆನ್ನಿನ ಥರದ ಐಸಿಂಗ್ ಟ್ಯೂಬ್ ಸಿಗುತ್ತದೆ, ಎಂಟು-ಹತ್ತು ವರ್ಷದವರು ಅದರಲ್ಲಿ ಚೆನ್ನಾಗಿ ಬರೆಯುತ್ತಾರೆ. ಐದು ವರ್ಷದವರಿಗೆ ಅಕ್ಷರ ಆಗುವುದಿಲ್ಲ, ಬರೀ ಚಿಲಕ ಬರೆಸಿ.

ಸೈಟ್ ಇಂಜಿನಿಯರ್:
ನಾನು ಅಡುಗೆ ಮಾಡುವವನಲ್ಲ. ಆದರೂ ಒಂದು ಐಡಿಯಾ. ಬೆಂಗಳೂರಿನಲ್ಲಿ ಮನೆ ಕಟ್ಟುವ ಯಾವ ಸೈಟಿಗೆ ಹೋದರೂ ಒಂದು ದೃಷ್ಟಿ ಬೊಂಬೆ ನೇತಾಡುತ್ತಿರುತ್ತದೆ. ದೊಡ್ಡ ಕಣ್ಣು, ಹುರಿ ಮೀಸೆ, ಹೊರಗೆ ಚಾಚಿದ ಕೆಂಪು ನಾಲಿಗೆ, ಕೋರೆಹಲ್ಲು. ಅದಕ್ಕಿಂತ ಹೆದರಿಸುವ ಮುಖ ಯಾವ ದೇಶದಲ್ಲಿದೆ? ದುಂಡನೆಯ ಬಿಸ್ಕತ್ತಿನ ಮೇಲೆ ಅದನ್ನೇ ಮಾಡಿಸಿ.

ಗಾಂಧಿಬಜಾರ್ ಅಜ್ಜಿಮನೆ:
ಇದು ಚೆನ್ನಾಗಿದೆ! ಕಣ್ಣಿಗೆ ಜೆಮ್ಸ್, ನಾಲಿಗೆಗೆ ಉದ್ದಕ್ಕೆ ಕತ್ತರಿಸಿದ ಕೆಂಪು ಟೂಟಿ ಫ್ರೂಟಿ, ಹಲ್ಲಿಗೆ ಕೊಬ್ಬರಿ ಚೂರು. ಮೀಸೆ ಮಾತ್ರ ಚಾಕೊಲೇಟಿನಲ್ಲಿ ಎಳೆಯಬೇಕು. ಕೊಂಬಿಗೆ ಅರ್ಧ ಗೋಡಂಬಿ.

ಆರನೇ ಮಹಡಿ ಅಮ್ಮ:
ಗೋಡಂಬಿ ಬೇಡ ಅಜ್ಜಿ. ಆ ಹುಡುಗನಿಗೆ ಕಡಲೆಕಾಯಿ ಮಾತ್ರ ಅಂದಿದ್ದಾರೆ, ಆದರೂ ನನಗೆ ಧೈರ್ಯ ಇಲ್ಲ. ಕೊಂಬಿಗೂ ಚಕ್ಕುಲಿಯೇ ಇರಲಿ, ಎಣ್ಣೆ ಕೇಳಿ ತರುತ್ತೇನೆ.

ಟ್ರಿಕ್ ಆರ್ ಟ್ರೀಟ್:
ದೃಷ್ಟಿ ಬೊಂಬೆ ಆಯಿತು, ಹಾಗೇ ಭೂತಕೋಲದ ಮುಖವನ್ನೂ ಬಿಸ್ಕತ್ತಿನ ಮೇಲೆ ಮಾಡಿಸಬಹುದಲ್ವಾ? ಹಳದಿ ಬಣ್ಣ, ಕಪ್ಪು ಗೆರೆ. ಈಗಂತೂ ಎಲ್ಲರಿಗೂ ಗೊತ್ತಿರುವ ಮುಖ.

ಕುಡ್ಲದ ಹುಡುಗಿ:
ದಯವಿಟ್ಟು ಬೇಡ. ನಾನು ಹತ್ತು ವರ್ಷದಿಂದ ಬೆಂಗಳೂರಲ್ಲಿದ್ದೇನೆ, ಪ್ರತಿ ಅಕ್ಟೋಬರಿನಲ್ಲೂ ಯಾರಾದರೂ ಇದನ್ನು ಕೇಳುತ್ತಾರೆ. ನಮ್ಮಲ್ಲಿ ಅದು ಹೆದರಿಸುವ ವೇಷ ಅಲ್ಲ. ಮನೆತನದ ದೈವ. ನಮ್ಮ ಅಪ್ಪ ಜಮೀನಿನ ಜಗಳ, ಮನೆಯ ಜಗಳ ಎಲ್ಲವನ್ನೂ ಅದರ ಮುಂದೆ ಹೇಳಿಕೊಳ್ಳುತ್ತಾರೆ. ಬಣ್ಣ ಹಚ್ಚುವವರು ವ್ರತ ಹಿಡಿದು ಹಚ್ಚಿಕೊಳ್ಳುತ್ತಾರೆ. ಅದನ್ನು ಬಿಸ್ಕತ್ತಿನ ಮೇಲೆ ಬರೆದು ಕಚ್ಚಿ ತಿನ್ನುವುದು ನೋಡಲು ನನಗೆ ಆಗುವುದಿಲ್ಲ.

ಟ್ರಿಕ್ ಆರ್ ಟ್ರೀಟ್:
ಸುಮ್ನೆ ಕೇಳಿದೆ. ಇಷ್ಟು ಸೀರಿಯಸ್ಸಾ? ಗಣಪತಿ ಆಕಾರದ ಚಾಕೊಲೇಟ್ ಮಾರುತ್ತಾರಲ್ಲ?

ಕುಡ್ಲದ ಹುಡುಗಿ:
ಮಾರುತ್ತಾರೆ. ಅದು ನಿಮ್ಮ ಮನೆಯಲ್ಲಿ ಸರಿ ಅನಿಸಿದರೆ ತಿನ್ನಿ. ನಾನು ಹೇಳಿದ್ದು ನಮ್ಮದರ ಬಗ್ಗೆ.

ಸೈಟ್ ಇಂಜಿನಿಯರ್:
ಅವರು ಹೇಳಿದ್ದು ನ್ಯಾಯ. ದೃಷ್ಟಿ ಬೊಂಬೆಗೆ ಯಾರ ಮನೆಯ ಪೂಜೆಯೂ ಇಲ್ಲ. ಕೆಲಸ ಮುಗಿದ ಮೇಲೆ ನಾವೇ ಕಿತ್ತು ಗುಜರಿಗೆ ಹಾಕುತ್ತೇವೆ.

ಮಲೆನಾಡಿನ ಕೊಳ್ಳಿದೆವ್ವ:
ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. ನಮ್ಮೂರಲ್ಲಿ ರಾತ್ರಿ ಗದ್ದೆ ಬಯಲಲ್ಲಿ ಬೆಂಕಿ ಹಿಡಿದು ಓಡಾಡುವ ದೆವ್ವಕ್ಕೆ ಬರಗಾಲ ಇರಲಿಲ್ಲ. ಆದರೆ ನಾನು ಹೇಳಬೇಕೆಂದಿರುವುದು ಹುಣಸೆ ಮರದ ದೆವ್ವದ ಬಗ್ಗೆ. ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಹುಣಸೆ ಮರದಲ್ಲಿ ಒಂದು ದೆವ್ವ ಇದ್ದೇ ಇರುತ್ತದೆ. ಹಾಗಾದರೆ ಆ ದೆವ್ವವನ್ನು ಹುಣಸೆಹಣ್ಣಿನಲ್ಲೇ ಯಾಕೆ ಮಾಡಬಾರದು?

ಚಿಗಳಿ ಮಾಡಿಸಿ. ಬೀಜ, ನಾರು ತೆಗೆದ ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಸ್ವಲ್ಪ ಒಣ ಮೆಣಸಿನ ಪುಡಿ. ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದರೆ ಆಯಿತು. ಉಂಡೆ ಮಾಡಿ ಐಸ್‌ಕ್ರೀಂ ಕಡ್ಡಿಗೆ ಸಿಗಿಸಿ. ಬಣ್ಣ ಹಾಕದೇನೇ ಕಡುಕಂದು, ಮುಖ ತಾನಾಗೇ ವಿಕಾರ. ಕರಬೂಜದ ಬೀಜ ಸಿಗಿಸಿದರೆ ಹಲ್ಲು. ಒಲೆ ಬೇಡ, ಓವನ್ ಬೇಡ, ಮೊಟ್ಟೆ ಬೇಡ, ಕಡಲೆಕಾಯಿ ಇಲ್ಲ. ಮಕ್ಕಳಿಗೆ ಕುಟ್ಟುವ ಕೆಲಸ ಅಂದರೆ ಪ್ರಾಣ.

ಗಾಂಧಿಬಜಾರ್ ಅಜ್ಜಿಮನೆ:
ಅಯ್ಯೋ, ಚಿಗಳಿ! ಬಾಯಲ್ಲಿ ನೀರು ಬಂತು.

ಕೋರಮಂಗಲ ಅಪ್ಪ:
ಇದಕ್ಕೆ ನನ್ನ ಓಟು. ಎಲ್ಲವೂ ಚಾಕೊಲೇಟ್ ಆದರೆ ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಮುಖ ಕಟ್ಟುತ್ತದೆ. ಮಧ್ಯೆ ಒಂದು ಹುಳಿ ಇರಲಿ.

ಎರಡು ಮಕ್ಕಳ ತಾಯಿ, ಯಲಹಂಕ:
ಐದು ವರ್ಷದವರ ಚಿಗಳಿಗೆ ಮೆಣಸಿನ ಪುಡಿ ಬೇಡ. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಪಾರ್ಟಿ ಅಲ್ಲಿಗೆ ಮುಗಿಯಿತು.

ಆರನೇ ಮಹಡಿ ಅಮ್ಮ:
ನಮ್ಮ ಅತ್ತೆ ಪಕ್ಕದಲ್ಲಿ ಕೂತು ಇದನ್ನೆಲ್ಲ ಓದಿಸಿಕೊಳ್ಳುತ್ತಿದ್ದಾರೆ. ಅವರ ಮೊದಲ ಮಾತು, "ದೀಪ ಹಚ್ಚುವ ಹೊತ್ತಿನಲ್ಲಿ ದೆವ್ವದ ಹೆಸರು ಯಾಕೆ?" ಚಿಗಳಿ ಬಂದ ಮೇಲೆ, "ಹುಣಸೆಹಣ್ಣು ಹಳೆಯದು ತಗೋ, ಹೊಸದು ಬೇಡ" ಅಂದರು. ಅಂದರೆ ಒಪ್ಪಿಗೆ ಸಿಕ್ಕಿತು ಅಂತ ಅರ್ಥ.

ಕಪ್ಪು ಬಣ್ಣಕ್ಕೆ ಏನು ಮಾಡಲಿ? ಕರಿ ಎಳ್ಳಿನ ಉಂಡೆ ಯೋಚಿಸಿದ್ದೆ, ಅತ್ತೆ ಬೇಡವೇ ಬೇಡ ಅಂದರು.

ಗಾಂಧಿಬಜಾರ್ ಅಜ್ಜಿಮನೆ:
ನಿಮ್ಮ ಅತ್ತೆ ಹೇಳಿದ್ದು ಸರಿ. ಕರಿ ಎಳ್ಳು ತಿಥಿಗೆ, ಶನಿಗೆ. ಮಕ್ಕಳ ಪಾರ್ಟಿಗೆ ಇಟ್ಟರೆ ನಾಲ್ಕು ಮನೆಯ ಹಿರಿಯರು ಮುಖ ತಿರುಗಿಸುತ್ತಾರೆ. ಹುಚ್ಚೆಳ್ಳು ತಗೊಳ್ಳಿ, ಅದೂ ಕಪ್ಪೇ. ಇಲ್ಲ, ರಾಗಿ ಹುರಿಹಿಟ್ಟಿನ ಉಂಡೆಗೆ ಕೋಕೋ ಪುಡಿ ಸೇರಿಸಿ.

ಜಿಮ್ ಬಾಯ್:
ಚಾರ್ಕೋಲ್ ಪುಡಿ ಹಾಕಿ. ಕಡುಗಪ್ಪು ಬರುತ್ತದೆ, ಹೊಟ್ಟೆಗೂ ಒಳ್ಳೆಯದು.

ಔಷಧಿ ಅಂಗಡಿ ಹಿಂದಿನ ಬೀದಿ:
ಮಕ್ಕಳಿಗೆ ಅದನ್ನು ಹಾಕಬೇಡಿ. ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ವಸ್ತು ಅದು, ಹೊಟ್ಟೆಯಲ್ಲಿರುವುದನ್ನು ಹೀರಿಕೊಳ್ಳಲಿ ಅಂತ. ಮಗು ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೀರಿಕೊಳ್ಳುತ್ತದೆ. ಹನ್ನೆರಡು ಮನೆಯ ಮಕ್ಕಳು ಏನೇನು ಔಷಧಿ ತೆಗೆದುಕೊಳ್ಳುತ್ತಾರೆ ಅಂತ ನಿಮಗೆ ಗೊತ್ತಾ?

ಜಿಮ್ ಬಾಯ್:
ಕೆಫೆಗಳಲ್ಲಿ ಕಪ್ಪು ಐಸ್‌ಕ್ರೀಂ ಮಾರುತ್ತಾರಲ್ಲ.

ಔಷಧಿ ಅಂಗಡಿ ಹಿಂದಿನ ಬೀದಿ:
ಮಾರುವುದೆಲ್ಲ ಮಕ್ಕಳಿಗೆ ಕೊಡಬಹುದು ಅಂತ ಅಲ್ಲ. 2024ರ ಮಾರ್ಚಿನವರೆಗೆ ಬೀದಿ ಬೀದಿಯಲ್ಲಿ ಗುಲಾಬಿ ಬಣ್ಣದ ಬಾಂಬೆ ಮಿಠಾಯಿ ಮಾರುತ್ತಿರಲಿಲ್ಲವಾ? ರೋಡಮೈನ್-ಬಿ ಅನ್ನುವ ಬಣ್ಣ ಸಿಕ್ಕ ಮೇಲೆ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು. ಅದು ಬಟ್ಟೆಗೆ ಹಾಕುವ ಬಣ್ಣ. ಅದರ ಜೊತೆಗೇ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆಯಿತು, ಜೂನ್‌ನಲ್ಲಿ ಕಬಾಬಿಗೂ.

ರಾತ್ರಿ ಹತ್ತರ ಗೋಬಿ:
ನನ್ನ ಹೆಸರು ಎತ್ತಿದ್ದಕ್ಕೆ ಬಂದೆ. ಬಣ್ಣ ಇಲ್ಲದ ಗೋಬಿ ನೋಡಲು ಪೆಚ್ಚಾಗಿದೆ, ರುಚಿ ಹಾಗೇ ಇದೆ. ವಿಷಯಾಂತರಕ್ಕೆ ಕ್ಷಮಿಸಿ.

ಕೋರಮಂಗಲ ಅಪ್ಪ:
ಎಲ್ಲಿ ಸಿಗುತ್ತದೆ ಹೇಳಿ ಹೋಗಿ ಗುರು.

ಹಳೇ ಬೇಕರಿ ಕೈ:
ಗೋಬಿಗೆ ಬೇರೆ ಚರ್ಚೆ ತೆರೆಯಿರಿ. ಬಣ್ಣ ಬೇಕೇ ಬೇಕು ಅಂದರೆ ಸಡಿಲವಾಗಿ ಕಟ್ಟಿಕೊಡುವ ಪುಡಿ ತರಬೇಡಿ. ಹೆಸರು, ಲೈಸೆನ್ಸ್ ನಂಬರ್ ಇರುವ ಬಾಟಲಿ ತನ್ನಿ. ಒಂದು ಹನಿಗಿಂತ ಹೆಚ್ಚು ಬೇಕಾಗುವುದೇ ಇಲ್ಲ. ಕಪ್ಪಿಗೆ ಕಡು ಕೋಕೋ ಪುಡಿ ಸಾಕು. ಪೂರ್ತಿ ಕಪ್ಪಾಗದಿದ್ದರೆ ಏನೀಗ?

ಶಂಖಪುಷ್ಪ ಬಳ್ಳಿ:
ಬಣ್ಣದ ವಿಷಯಕ್ಕೆ ನಾನು ಕಾಯುತ್ತಿದ್ದೆ. ಕಾಂಪೌಂಡ್ ನನಗೆ ಹಿಡಿಸುವುದಿಲ್ಲ, ಕೊಬ್ಬರಿ ಮಿಠಾಯಿ ಹೇಳುತ್ತೇನೆ. ಎರಡು ಬಟ್ಟಲು ಒಣ ಕೊಬ್ಬರಿ ಪುಡಿಗೆ ಅರ್ಧ ಡಬ್ಬಿ ಮಿಲ್ಕ್‌ಮೇಡ್, ಅಂದರೆ ಸುಮಾರು 200 ಗ್ರಾಂ. ಮನೆಯಲ್ಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸಿ, ಉಂಡೆ ಕಟ್ಟುವ ಹದಕ್ಕೆ ಬಂದಾಗ ಇಳಿಸಿ. ಆರಿದ ಮೇಲೆ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಮಕ್ಕಳು ಕೈಗೆ ಚೂರು ತುಪ್ಪ ಹಚ್ಚಿಕೊಂಡು ಕೆಳಗೆ ಅಗಲ, ಮೇಲೆ ಚೂಪಾಗಿ ತಿದ್ದಿದರೆ ಬಿಳಿ ಸೀರೆಯ ಮೋಹಿನಿ. ಕಣ್ಣಿಗೆ ಒಣದ್ರಾಕ್ಷಿ ಚೂರು.

ಇದಕ್ಕೆ ನೀರಿನ ಬಣ್ಣ ಹಾಕಿದರೂ ನಡೆಯುತ್ತದೆ. ಬೀಟ್‌ರೂಟ್ ರಸ ಒಂದು ಚಮಚ ಹಾಕಿದರೆ ರಕ್ತದ ಬಣ್ಣ. ಬಾಣಲೆಯಿಂದ ಇಳಿಸಿದ ಮೇಲೆ ಹಾಕಿ, ಜಾಸ್ತಿ ಕಾಯಿಸಿದರೆ ಬೀಟ್‌ರೂಟ್ ಬಣ್ಣ ಮಾಸಿ ಕಂದಾಗುತ್ತದೆ.

ಇನ್ನೊಂದು ಇದೆ. ಶಂಖಪುಷ್ಪದ ಹೂ ಬಿಸಿ ನೀರಿಗೆ ಹಾಕಿದರೆ ಕಡುನೀಲಿ ಬರುತ್ತದೆ. ಸಕ್ಕರೆ ಹಾಕಿ ತಣ್ಣಗೆ ಮಾಡಿ ಗ್ಲಾಸಿಗೆ ಹಾಕಿ. ಮಕ್ಕಳು ನಿಂಬೆಹಣ್ಣು ಹಿಂಡಿದ ತಕ್ಷಣ ನೇರಳೆಯಾಗುತ್ತದೆ. ಹುಳಿ ತಾಗಿದರೆ ಆ ಬಣ್ಣ ತಿರುಗುತ್ತದೆ, ಅಷ್ಟೇ. ಆದರೆ ದೀಪ ಆರಿಸಿ, ಮಂತ್ರ ಹೇಳಿ ಹಿಂಡಿಸಿ ನೋಡಿ.

ಗಿರಿನಗರದ ಟೀಚರ್:
ಇದನ್ನು ನಾಳೆಯೇ ಕ್ಲಾಸಿನಲ್ಲಿ ಮಾಡುತ್ತೇನೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುತ್ತೇವಲ್ಲ, ಅದರ ಉಲ್ಟಾ. ಅಲ್ಲಿ ಸುಣ್ಣ, ಇಲ್ಲಿ ಹುಳಿ. ಅರಿಶಿನದ್ದು ಬರೀ ತೋರಿಸಲು, ಕುಡಿಯಲು ಕೊಡಬೇಡಿ.

ರಸಗುಲ್ಲಾ ರಾಜ:
ಎಲ್ಲರೂ ಕಷ್ಟಪಡುತ್ತಿದ್ದೀರಿ. ಡಬ್ಬಿ ರಸಗುಲ್ಲಾ ತನ್ನಿ, ಪಾಕ ಹಿಂಡಿ, ಮಧ್ಯೆ ಕುಳಿ ಮಾಡಿ ಕಪ್ಪು ದ್ರಾಕ್ಷಿ ಕೂರಿಸಿ. ಕಿತ್ತಿಟ್ಟ ಕಣ್ಣುಗುಡ್ಡೆ. ಸುತ್ತ ಸ್ಟ್ರಾಬೆರಿ ಜಾಮಿನಲ್ಲಿ ಎಳೆ ಎಳೆದರೆ ರಕ್ತನಾಳ. ಎರಡು ನಿಮಿಷ.

ಔಷಧಿ ಅಂಗಡಿ ಹಿಂದಿನ ಬೀದಿ:
ಇಡೀ ದ್ರಾಕ್ಷಿ ಚಿಕ್ಕ ಮಕ್ಕಳ ಗಂಟಲಿಗೆ ಸರಿಯಾಗಿ ಸಿಕ್ಕಿಕೊಳ್ಳುವ ಗಾತ್ರ. ಉದ್ದಕ್ಕೆ ನಾಲ್ಕು ಸೀಳು ಮಾಡಿ ಹಾಕಿ. ಓಡಾಡುತ್ತಾ ತಿನ್ನಲು ಬಿಡಬೇಡಿ, ಕೂರಿಸಿ ತಿನ್ನಿಸಿ. ವೇಷ ಹಾಕಿದ ಮಕ್ಕಳು ಓಡದೇ ಇರುವುದಿಲ್ಲ.

ರಸಗುಲ್ಲಾ ರಾಜ:
ಸೀಳಿದರೆ ಕಣ್ಣಿನ ಥರ ಕಾಣುವುದಿಲ್ಲ ಸರ್. ಹಾಗಾದರೆ ಜಾಮಿನ ಮೇಲೆ ಒಂದು ಚುಕ್ಕೆ ಚಾಕೊಲೇಟ್. ಸಾಕಾ?

ಔಷಧಿ ಅಂಗಡಿ ಹಿಂದಿನ ಬೀದಿ:
ಸಾಕು. ಅದೇ ಚೆನ್ನಾಗಿ ಕಾಣುತ್ತದೆ.

ಅಯ್ಯಂಗಾರ್ ಬೇಕರಿ ಗಿರಾಕಿ:
ಏನೂ ಮಾಡದೇ ಸಿಗುವ ದೆವ್ವದ ತಿಂಡಿ ಒಂದಿದೆ. ಹನಿ ಕೇಕ್. ಮೇಲೆ ಕೆಂಪು ಜಾಮ್ ಜಿಗುಟಾಗಿ ಹರಡಿರುತ್ತದೆ. ಕೊಬ್ಬರಿ ಪುಡಿ ಉದುರಿಸದೇ ಕೊಡಿ ಅಂತ ಹೇಳಿ. ಒಂದು ಪ್ಲಾಸ್ಟಿಕ್ ಚಾಕು ಚುಚ್ಚಿಟ್ಟರೆ ಕೊಲೆ ನಡೆದ ಜಾಗ. ಮೊಟ್ಟೆ ಇಲ್ಲದ್ದೇ ಕೇಳಿ ತನ್ನಿ.

ಮಲೆನಾಡಿನ ಕೊಳ್ಳಿದೆವ್ವ:
ಹನಿ ಕೇಕಿಗೆ ಹೀಗೆ ಅವಮಾನ ಮಾಡಬೇಡಿ.

ಕುಕ್ ಟೌನ್ ರೋಸಿ:
ನಾನು ಕ್ರೈಸ್ತಳು, ಹಾಗಾಗಿ ಎರಡು ಮಾತು. ಈ ಹಬ್ಬ ನಮ್ಮದು ಅಂತ ಎಲ್ಲರೂ ನನಗೆ ಶುಭಾಶಯ ಹೇಳುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಮಾಡುವುದಿಲ್ಲ. ನಮಗೆ ನವೆಂಬರ್ 1 ಸಂತರ ದಿನ, 2 ಸತ್ತವರ ದಿನ. ಅವತ್ತು ಹೊಸೂರು ರಸ್ತೆಯ ಸ್ಮಶಾನಕ್ಕೆ ಹೋಗಿ ತಾತನ ಸಮಾಧಿ ತೊಳೆದು, ಹೂ ಇಟ್ಟು, ಮೇಣದಬತ್ತಿ ಹಚ್ಚಿ ಬರುತ್ತೇವೆ. ಮಹಾಲಯ ಅಮಾವಾಸ್ಯೆಗೆ ನೀವು ಹಿರಿಯರಿಗೆ ಎಡೆ ಇಡುವುದಿಲ್ಲವಾ, ಹಾಗೆ. ಅದರಲ್ಲಿ ಹೆದರಿಕೆಯ ಮಾತೇ ಇಲ್ಲ. ಗೋರಿಕಲ್ಲಿನ ಪುಡ್ಡಿಂಗ್ ಮಾಡಿ, ನನಗೇನೂ ಬೇಜಾರಿಲ್ಲ. ಅದರ ಮೇಲೆ ಶಿಲುಬೆ ಬರೆಸಬೇಡಿ.

ಸಿಹಿಗೆ ಒಂದು ಐಡಿಯಾ. ಕ್ರಿಸ್‌ಮಸ್‌ಗೆ ನಾವು ಅಚ್ಚಿನಲ್ಲಿ ಕರಿಯುವ ರೋಸ್ ಕುಕೀಸ್ ಈಗ ಅಂಗಡಿಗಳಲ್ಲಿ ವರ್ಷವಿಡೀ ಸಿಗುತ್ತದೆ. ಅದರ ಆಕಾರವೇ ಜೇಡರ ಬಲೆ. ಮಧ್ಯೆ ನಿಮ್ಮ ಚಕ್ಕುಲಿ ಕಾಲಿನ ಜೇಡ ಕೂರಿಸಿ. ಕೆಲವರು ಮೊಟ್ಟೆ ಹಾಕುತ್ತಾರೆ, ಕೇಳಿ ತೆಗೆದುಕೊಳ್ಳಿ.

ಆರನೇ ಮಹಡಿ ಅಮ್ಮ:
ಶಿಲುಬೆ ಬರೆಸುವುದಿಲ್ಲ, ಹೇಳಿದ್ದು ಒಳ್ಳೆಯದಾಯಿತು. ಹೇಗೂ ಪಾರ್ಲೆ-ಜಿ ಈಗ ಬಾಗಿಲಾಗಿದೆ.

ಸಕ್ಕರೆ ಅಚ್ಚು:
ಯಾರೂ ಸಕ್ಕರೆ ಅಚ್ಚು ಹೇಳಲೇ ಇಲ್ಲ! ಮೆಕ್ಸಿಕೋದಲ್ಲಿ ನವೆಂಬರ್ 1 ಮತ್ತು 2ಕ್ಕೆ ಸಕ್ಕರೆಯ ತಲೆಬುರುಡೆ ಮಾಡಿ, ಹಣೆಯ ಮೇಲೆ ಹೆಸರು ಬರೆಯುತ್ತಾರೆ. ಸತ್ತವರ ಹೆಸರೂ ಇರುತ್ತದೆ, ಬದುಕಿರುವ ಗೆಳೆಯರದ್ದೂ ಇರುತ್ತದೆ. ನಾವು ಸಂಕ್ರಾಂತಿಗೆ ಮಾಡುವ ಅಚ್ಚಿಗೆ ಪಾಕ ಕಾಯಿಸಬೇಕು, ಅದು ಮಕ್ಕಳ ಹತ್ತಿರ ಬೇಡ. ಅವರ ವಿಧಾನದಲ್ಲಿ ಒಲೆಯೇ ಇಲ್ಲ. ಒಂದು ಬಟ್ಟಲು ಸಣ್ಣ ಸಕ್ಕರೆಗೆ ಒಂದೆರಡು ಚಮಚ ನೀರು ಚಿಮುಕಿಸಿ ಒದ್ದೆ ಮರಳಿನ ಹಾಗೆ ಮಾಡಿ, ಅಚ್ಚಿಗೆ ಒತ್ತಿ ತುಂಬಿ, ತಟ್ಟೆಯ ಮೇಲೆ ಬೋರಲು ಹಾಕಿ. ರಾತ್ರಿಯಿಡೀ ಒಣಗಿದರೆ ಗಟ್ಟಿಯಾಗುತ್ತದೆ. ಅವರು ಮೊಟ್ಟೆಯ ಬಿಳಿಯ ಪುಡಿ ಸೇರಿಸುತ್ತಾರೆ, ಚಿಕ್ಕ ಅಚ್ಚಿಗೆ ಅದಿಲ್ಲದೆಯೂ ನಿಲ್ಲುತ್ತದೆ. ಹಿಂದಿನ ದಿನವೇ ಮಾಡಿಟ್ಟು, ಪಾರ್ಟಿಯಲ್ಲಿ ಮಕ್ಕಳಿಂದ ಬರೀ ಮುಖ ಬರೆಸಿ.

ಬರೀ ಸಕ್ಕರೆ, ಗೊತ್ತು. ಹಲ್ಲಿನ ಡಾಕ್ಟರುಗಳು ಬೈಯಲು ಬರಬೇಡಿ.

ಸೈಟ್ ಇಂಜಿನಿಯರ್:
ತಲೆಬುರುಡೆ ಅಚ್ಚು ಎಲ್ಲಿ ಸಿಗುತ್ತದೆ?

ಸಕ್ಕರೆ ಅಚ್ಚು:
ತಲೆಬುರುಡೆಯೇ ಆಗಬೇಕೆಂದಿಲ್ಲ. ನಮ್ಮ ಮರದ ಅಚ್ಚಿನಲ್ಲಿ ಗಿಳಿ, ಆನೆ, ಮಂಟಪ ಇರುತ್ತದೆ. ಗಿಳಿಗೆ ಕೆಂಪು ಕಣ್ಣು ಇಟ್ಟು ನೋಡಿ, ಭಯವಾಗುತ್ತದೆ.

ನಾಗರಬಾವಿ ಅಪ್ಪ:
ಒಂದು ಮಾತು ಕೇಳಬೇಕಿತ್ತು. ನನ್ನ ಮಗಳಿಗೆ ಐದು ವರ್ಷ. ಕಳೆದ ಸಲ ಬೇರೆ ಕಡೆ ಇಂಥ ಪಾರ್ಟಿಗೆ ಕರೆದುಕೊಂಡು ಹೋಗಿದ್ದೆವು. ರಕ್ತ ಸುರಿಯುವ ಬೆರಳಿನ ಬಿಸ್ಕತ್ತು ಇಟ್ಟಿದ್ದರು. ಮನೆಗೆ ಬಂದು ತುಂಬಾ ದಿನ ಲೈಟ್ ಆರಿಸಲು ಬಿಡಲಿಲ್ಲ. ಕಣ್ಣುಗುಡ್ಡೆ, ರಕ್ತ ಎಲ್ಲ ಬೇಕಾ?

ರಸಗುಲ್ಲಾ ರಾಜ:
ಹೆದರಿಕೆ ಇಲ್ಲದಿದ್ದರೆ ಅದು ದೆವ್ವದ ಪಾರ್ಟಿ ಹೇಗಾಗುತ್ತದೆ? ನಮ್ಮಜ್ಜಿ ರಾತ್ರಿ ಬ್ರಹ್ಮರಾಕ್ಷಸನ ಕಥೆ ಹೇಳಿ ಮಲಗಿಸುತ್ತಿದ್ದರು.

ನಾಗರಬಾವಿ ಅಪ್ಪ:
ನಿಮ್ಮಜ್ಜಿ ಪಕ್ಕದಲ್ಲೇ ಮಲಗಿರುತ್ತಿದ್ದರು ಸರ್.

ಗಿರಿನಗರದ ಟೀಚರ್:
ತಾನೇ ಮಾಡಿದ ದೆವ್ವಕ್ಕೆ ಮಗು ಹೆದರುವುದು ಕಡಿಮೆ. ಬೇರೆಯವರು ಮಾಡಿ ಎದುರಿಗೆ ಇಟ್ಟಿದ್ದಕ್ಕೆ ಹೆದರುತ್ತದೆ. ಚಿಕ್ಕವರ ಮೇಜಿಗೆ ಮಮ್ಮಿ, ಮೋಹಿನಿ ಮಾತ್ರ ಇಡಿ. ನಗುವ ಬಾಯಿ ಬರೆಯಲಿ, ಅಳುವ ಬಾಯಿ ಬರೆಯಲಿ, ಅವರಿಗೆ ಬಿಡಿ. ರಸಗುಲ್ಲಾ ಕಣ್ಣು ಎಂಟರ ಮೇಲಿನವರಿಗೆ. ರೂಮಿನ ಲೈಟ್ ಪೂರ್ತಿ ಆರಿಸಬೇಡಿ.

ಶಂಖಪುಷ್ಪ ಬಳ್ಳಿ:
ನಾನು ಲೈಟ್ ಆರಿಸಿ ಅಂದಿದ್ದೆ. ಬೇಡ, ಟೀಚರ್ ಹೇಳಿದ ಹಾಗೆ ಮಾಡಿ.

ಬೂದುಗುಂಬಳ:
ಕುಂಬಳಕಾಯಿ ಕೊರೆಯುವವರಿಗೆ ಒಂದು ಮನವಿ. ತಿರುಳನ್ನು ಎಸೆಯಬೇಡಿ. ಸಿಹಿಗುಂಬಳದ ತಿರುಳು ತುರಿದರೆ ಹಲ್ವಾ ಆಗುತ್ತದೆ. ಇನ್ನು ನಮ್ಮ ದೃಷ್ಟಿ ತೆಗೆಯುವ ಬೂದುಗುಂಬಳದಲ್ಲೇ ಕಾಶಿ ಹಲ್ವಾ ಮಾಡುವುದು. ಮದುವೆ ಊಟದಲ್ಲಿ ಕೇಸರಿ ಬಣ್ಣದ ಹಲ್ವಾ ಚಪ್ಪರಿಸುವ ಅರ್ಧ ಜನಕ್ಕೆ ಅದು ಯಾವುದರದ್ದು ಅಂತ ಗೊತ್ತಿಲ್ಲ. ಚಿಕ್ಕ ಸ್ಟೀಲ್ ಬಟ್ಟಲಿಗೆ ಹಾಕಿ ಬೋರಲು ಹೊಡೆದು, ಚಾಕೊಲೇಟಿನಲ್ಲಿ ಕಣ್ಣು ಬಾಯಿ ಮಾಡಿದರೆ ಕುಂಬಳಕಾಯಿಯಿಂದಲೇ ಮಾಡಿದ ಕುಂಬಳಕಾಯಿ ದೆವ್ವ.

ಸೈಟ್ ಇಂಜಿನಿಯರ್:
ಆಯುಧಪೂಜೆಗೆ ರಸ್ತೆಯಲ್ಲಿ ಒಡೆದು ಬಿಡುವವರಿಗೂ ಒಂದು ಮನವಿ ಸೇರಿಸಿ. ಅದರ ಮೇಲೆ ಗಾಡಿ ಜಾರಿ ಎಷ್ಟು ಜನ ಬೀಳುತ್ತಾರೆ. ಒಡೆದ ಮೇಲೆ ಬದಿಗೆ ಸರಿಸಲು ಏನು ಕಷ್ಟ?

ವಿಜಯನಗರ ಕನ್ನಡಿಗ:
ಇದೊಂದನ್ನು ನಾನೂ ಒಪ್ಪುತ್ತೇನೆ.

ಆರನೇ ಮಹಡಿ ಅಮ್ಮ:
ಸರಿ, ನಿರ್ಧಾರ ಆಯಿತು. ಚಿಕ್ಕವರಿಗೆ ಮಾರಿ ಮಮ್ಮಿ ಮತ್ತು ಕೊಬ್ಬರಿ ಮೋಹಿನಿ. ದೊಡ್ಡವರಿಗೆ ದೃಷ್ಟಿ ಬೊಂಬೆ, "ನಾಳೆ ಬಾ" ಬಾಗಿಲು. ಎಲ್ಲರೂ ಸೇರಿ ಚಿಗಳಿ ಕುಟ್ಟುವುದು, ಮೆಣಸಿನ ಪುಡಿ ಇಲ್ಲದೆ. ಕೊನೆಗೆ ಶಂಖಪುಷ್ಪದ ಶರಬತ್ತು. ರಸಗುಲ್ಲಾ ಕಣ್ಣನ್ನು ಅಪ್ಪಂದಿರಿಗೆ ಇಡುತ್ತೇನೆ. ಕಾಂಪೌಂಡ್ ಎಷ್ಟು ಬೇಕಾಗುತ್ತದೆ?

ಹಳೇ ಬೇಕರಿ ಕೈ:
ಒಬ್ಬರಿಗೆ ನಾಲ್ಕು ಬಿಸ್ಕತ್ತು ಅಂದರೆ ನಲವತ್ತೆಂಟು. ಒಂದಕ್ಕೆ ಎಂಟು-ಹತ್ತು ಗ್ರಾಂ. ಬಿಳಿಯದು ಅರ್ಧ ಕಿಲೋ, ಕಪ್ಪು ಕಾಲು ಕಿಲೋ ತನ್ನಿ. ಎಲ್ಲವನ್ನೂ ಒಮ್ಮೆಗೇ ಕರಗಿಸಬೇಡಿ, ಅರ್ಧರ್ಧ ಕರಗಿಸಿ. ಕವರಿನಲ್ಲೇ ಗಟ್ಟಿಯಾದರೆ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಬೇಡಿ, ನೀರು ಒಳಗೆ ಹೋಗುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ ಮೈಕ್ರೋವೇವಿನಲ್ಲಿ ಹತ್ತು ಸೆಕೆಂಡು.

ಆರನೇ ಮಹಡಿ ಅಮ್ಮ:
ಮಾಡಿದ್ದನ್ನು ಫ್ರಿಜ್‌ನಲ್ಲಿ ಇಡಲಾ?

ಹಳೇ ಬೇಕರಿ ಕೈ:
ಗಟ್ಟಿಯಾಗಲು ಹತ್ತು ನಿಮಿಷ ಇಡಿ, ಸಾಕು. ಜಾಸ್ತಿ ಹೊತ್ತು ಇಟ್ಟು ಹೊರಗೆ ತೆಗೆದರೆ ಬೆವರುತ್ತದೆ, ಜೆಮ್ಸ್ ಬಣ್ಣ ಬಿಟ್ಟು ಎಲ್ಲಾ ಕಣ್ಣುಗಳೂ ಅಳುತ್ತವೆ. ಅಕ್ಟೋಬರ್ ಕೊನೆಯ ಬೆಂಗಳೂರಿನ ಸಂಜೆಗೆ ಹೊರಗಿಟ್ಟರೂ ಏನೂ ಆಗುವುದಿಲ್ಲ.

ರಸಗುಲ್ಲಾ ರಾಜ:
ಅಳುವ ಕಣ್ಣು ಒಳ್ಳೆಯದೇ ಅಲ್ವಾ?

ಎರಡು ಮಕ್ಕಳ ತಾಯಿ, ಯಲಹಂಕ:
ಒದ್ದೆ ಟವೆಲ್ ಒಂದು ನಾಲ್ಕು ಇಟ್ಟುಕೊಳ್ಳಿ. ವೇಷ ಹಾಕುವ ಮುಂಚೆ ಸಿಹಿ ಮಾಡಿಸಿ. ಬಾಡಿಗೆಗೆ ತಂದ ಡ್ರೆಸ್ಸಿಗೆ ಚಾಕೊಲೇಟ್ ಹತ್ತಿದರೆ ಡಿಪಾಸಿಟ್ ವಾಪಸ್ ಬರುವುದಿಲ್ಲ.

ಮಾರಿ ಬಿಸ್ಕತ್ತು ಅಭಿಮಾನಿ:
ನಾನು ಎರಡನೇ ಕಾಮೆಂಟಿನಲ್ಲೇ ಹೇಳಿದ್ದೆ. ಬಿಸ್ಕತ್ತು ಎರಡು ಪೊಟ್ಟಣ ಜಾಸ್ತಿ ತನ್ನಿ, ಅರ್ಧ ಮುರಿಯುತ್ತವೆ.